ಹದಿನೇಳು ಅಂದು ಹತ್ತು ಕೊಟ್ಟ ಗಾಡಿ

೨ ಮಾರ್ಚ್ ೨೦೦೯, ಸೋಮವಾರ, ಸೇಡಂ

ಕಂಪನಿಯವರು ಕೊಟ್ಟ ಬಣ್ಣದ ಪುಸ್ತಕದ ಮೂರನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ: ಲೀಟರಿಗೆ ಹದಿನೇಳು ಕಿಲೋಮೀಟರ್. ನನ್ನ ಗಾಡಿ ಕೊಟ್ಟದ್ದು ಹತ್ತೂವರೆ. ಇವತ್ತು ಟಾಕಿ ಬಾಯಿತನಕ ತುಂಬಿಸಿ, ಹಿಂದಿನ ಸಲ ತುಂಬಿಸಿದ ಮೇಲೆ ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿದೆ. ಎರಡು ಸಲ ಭಾಗಿಸಿದೆ. ಬಿಎಸ್ಸಿ ಓದುವ ಮಗಳು ಪ್ರಮಿತಾಳಿಗೂ ಕೊಟ್ಟೆ. "ಹತ್ತೂವರಿನೇ ಬರ್ತದ ಅಪ್ಪಾ. ನೀವು ಸಿಟ್ಟಿಗೆದ್ರ ಗಣಿತ ಬದಲಾಗ್ತದೇನು?" ಎಂದು ನಕ್ಕಳು. ನಗುವಂಥದ್ದು ಇದರಲ್ಲಿ ಏನಿದೆ?

ಜನವರಿಯಲ್ಲಿ ಹಳೇ ಜೀಪು ಮಾರಿ ಇದನ್ನು ತಂದೆ. ಸಣ್ಣ ಎಸ್‌ಯುವಿ ಅನ್ನುತ್ತಾರೆ. ಹೊರಗೆ ಜೀಪಿನ ಗತ್ತು, ಒಳಗೆ ಕಾರಿನ ಸುಖ, ಮೇಲೆ ಎ.ಸಿ. ಸೇಡಂ ಬಾರ್ ಅಸೋಸಿಯೇಷನ್ನಿನಲ್ಲಿ ಇಂಥ ಗಾಡಿ ಇರುವವನು ನಾನೊಬ್ಬನೇ. ಆದರೆ ಹದಿನಾಲ್ಕು ವರ್ಷದ ಆ ಮುದಿ ಜೀಪು ಹನ್ನೆರಡು ಕೊಡುತ್ತಿತ್ತಲ್ಲ! ಹೊಸದು ಹಳೆಯದಕ್ಕಿಂತ ಕಡೆಯಾದರೆ ಹೊಸದೆಂದು ಯಾಕೆ ಕರೆಯಬೇಕು?

ಇಪ್ಪತ್ತೆರಡು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಸೇಡಂ, ಚಿತ್ತಾಪುರ, ಚಿಂಚೋಳಿ, ಮೂರೂ ಕೋರ್ಟಿನಲ್ಲಿ ವಿಠ್ಠಲರಾವ್ ವಕೀಲ ಅಂದರೆ ಗುಮಾಸ್ತರು ಎದ್ದು ನಿಲ್ಲುತ್ತಾರೆ. ಅಚ್ಚು ಹಾಕಿ ಸುಳ್ಳು ಹೇಳಿದ ಕಂಪನಿಯನ್ನು ನಾನು ಬಿಡುವುದಿಲ್ಲ, ನೋಟೀಸು ಕೊಟ್ಟೇ ಕೊಡುತ್ತೇನೆ. ಮೊದಲು ಸಾಕ್ಷಿ ಕೂಡಿಸಬೇಕು. ಈ ನೋಟುಬುಕ್ಕು ಅದಕ್ಕಾಗಿ.

೫ ಮಾರ್ಚ್, ಗುರುವಾರ

ಚಿತ್ತಾಪುರ ಕೋರ್ಟು. ಬಾರ್ ರೂಮಿನಲ್ಲಿ ಹದಿನೆಂಟು ವಕೀಲರಿಗೆ ಎರಡು ಫ್ಯಾನು, ಅದರಲ್ಲಿ ಒಂದು ತಿರುಗಿದರೆ ಪುಣ್ಯ. ಮಾರ್ಚ್ ಮೊದಲ ವಾರಕ್ಕೇ ಬಂಡೆ ಕಾದು ಕೆಂಡವಾಗಿದೆ. ಮೊದಲೆಲ್ಲ ಬೇವಿನ ಮರದ ಕೆಳಗೆ ನಿಂತು ಬೆವರು ಒರೆಸಿಕೊಳ್ಳುತ್ತ ಕಕ್ಷಿದಾರರ ಜೊತೆ ಮಾತಾಡುತ್ತಿದ್ದೆ. ಈಗ ಗಾಡಿಯೇ ನನ್ನ ಚೇಂಬರು. ಎ.ಸಿ. ಹಾಕಿ, ಹಿಂದಿನ ಸೀಟಿನಲ್ಲಿ ಫೈಲು ಹರಡಿಕೊಂಡು ಹನ್ನೊಂದಕ್ಕೆ ಕೂತವನು ಕೇಸು ಕೂಗಿದಾಗಷ್ಟೇ ಇಳಿದು ಹೋಗಿ ಬಂದೆ, ಉಳಿದಂತೆ ಎರಡೂವರೆವರೆಗೂ ಅಲ್ಲೇ. ಇವತ್ತು ಮೂವರು ಹೊಸ ಕಕ್ಷಿದಾರರು ಬಂದರು. ಬಿಸಿಲಲ್ಲಿ ನಿಂತು ಸುಳ್ಳು ಹೇಳುವವರು ತಂಪಿನಲ್ಲಿ ಕೂತರೆ ಖರೆ ಹೇಳುತ್ತಾರೆ.

ಡ್ರೈವರ್ ಭೀಮಶ್ಯಾ ನನ್ನ ಹತ್ತಿರ ಒಂಬತ್ತು ವರ್ಷದಿಂದ ಇದ್ದಾನೆ, ಕುರಕುಂಟಾದಿಂದ ಮೊದಲನೇ ಬಸ್ಸಿಗೆ ಬರುತ್ತಾನೆ. ಕಕ್ಷಿದಾರರ ಗುಟ್ಟು ಅವನ ಕಿವಿಗೆ ಬೀಳಬಾರದೆಂದು ಹೊರಗೆ ಕಟ್ಟೆಯ ಮೇಲೆ ಕೂಡಿಸುತ್ತೇನೆ. ನಡುವೆ ಎರಡು ಸಲ ಕಿಟಕಿ ತಟ್ಟಿದ. "ಸಾಹೇಬ್ರ, ಇಂಜಿನ್ ಬಂದ್ ಮಾಡ್ಲ್ಯಾ? ಭಾಳ ಹೊತ್ತಾತು."

"ನಿಂತ ಗಾಡಿ ಏನ್ ಕುಡಿತದೋ? ಸುಮ್ಮ ಕುಂದ್ರು ಹೋಗು" ಎಂದು ಗದರಿಸಿ ಕಳಿಸಿದೆ. ಆಸ್ತಿ ಹಂಚುವ ಪಾಲು ವಾಟ್ನಿಯ ಸೂಕ್ಷ್ಮ ಮಾತಿನ ನಡುವೆ ಕಿಟಕಿ ತಟ್ಟುತ್ತಾನಲ್ಲ, ತಿಳಿವಳಿಕೆ ಬೇಡವೇ?

೧೩ ಮಾರ್ಚ್, ಶುಕ್ರವಾರ

ಹತ್ತು! ಬರೋಬ್ಬರಿ ಹತ್ತು!

ಗುಲಬರ್ಗಾದ ಸರ್ವಿಸ್ ಸೆಂಟರಿಗೆ ಹೋಗಿ ಜಗಳ ತೆಗೆದೆ. ಟೈ ಕಟ್ಟಿದ ಒಬ್ಬ ಸೂಪರ್‌ವೈಸರ್ ತಣ್ಣಗೆ ಹೇಳಿದ, "ಸರ್, ಪುಸ್ತಕದಾಗಿಂದು ಟೆಸ್ಟ್ ಮಾಡಿದ ಆವರೇಜ್ ಇರ್ತದರಿ. ರೋಡಿನ ಮ್ಯಾಲ ಹದಿನೈದರ ಮಟ ಬರ್ತದ. ನಿಮ್ಮ ಹ್ಯಾಬಿಟ್ ಹೆಂಗವ ನೋಡ್ಕೋರಿ." ಹ್ಯಾಬಿಟ್ಟಂತೆ! ನನಗೆ ಎಲೆ ಅಡಿಕೆಯ ಚಟವೂ ಇಲ್ಲ. ಗಾಡಿಗೆ ಏನೇನೋ ವೈರು ಹಚ್ಚಿ ನೋಡಿ, ಇಂಜಿನ್‌ನಲ್ಲಿ ದೋಷವಿಲ್ಲವೆಂದು ಕಾಗದ ಬರೆದುಕೊಟ್ಟ. ಗಾಳಿಯ ಫಿಲ್ಟರಿನಲ್ಲಿ ಸಿಮೆಂಟಿನ ಧೂಳು ಕೂತಿತ್ತು, ಅದನ್ನು ಬದಲಿಸಿದ. ಸೇಡಂ-ವಾಡಿ ರಸ್ತೆಯಲ್ಲಿ ತಿರುಗುವವನ ಎದೆಯಲ್ಲೇ ಅಷ್ಟು ಧೂಳು ಇರುತ್ತದೆ, ಫಿಲ್ಟರಿನದೇನು ದೊಡ್ಡ ಮಾತು.

ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಇಂಜಿನ್ ಸರಿ ಇದೆ. ರಸ್ತೆ ಅದೇ, ಪಂಪೂ ಅದೇ. ಹದಿನೈದು ಬರಬೇಕಾದಲ್ಲಿ ಹತ್ತು ಬಂದರೆ ಉಳಿದ ಡೀಸೆಲ್ ಯಾರ ಹೊಟ್ಟೆಗೆ ಹೋಯಿತು? ದಿನವಿಡೀ ಗಾಡಿಯ ಹತ್ತಿರ ಇರುವವನು ಒಬ್ಬನೇ. ಬರೆಯಲು ಮನಸ್ಸಾಗದು. ಆದರೆ ಆಳು ಮಾಡಿದ್ದು ಹಾಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

೨೦ ಮಾರ್ಚ್, ಶುಕ್ರವಾರ

ಚಿಂಚೋಳಿ. ಕುಂಚಾವರಂ ಕಡೆಯ ಜಮೀನಿನ ಕೇಸು. ಆ ಜನ ಒಂದು ವಾಕ್ಯವನ್ನು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ, ಒಂದು ಬದುವಿನ ಕಥೆ ತಿಳಿಯಲು ಗಾಡಿಯಲ್ಲೇ ಅರ್ಧ ದಿನ ಕೂತೆ. ಹೊರಗೆ ನಲವತ್ತು ಡಿಗ್ರಿ, ಒಳಗೆ ನನಗೆ ಶಾಲು ಹೊದೆಯುವಷ್ಟು ಚಳಿ.

ಸಂಜೆ ಮನೆಗೆ ಬಂದ ಮೇಲೆ ಬೇಕೆಂದೇ ಹೇಳಿದೆ, "ಯಾರೋ ಡೀಸೆಲ್ ತೆಗಿಲಿಕತ್ತಾರ ಅನಸ್ತದ ಭೀಮಶ್ಯಾ." ಅವನು ಗಾಡಿಯ ಹಿಂದೆ ಹೋಗಿ ಟಾಕಿಯ ಮುಚ್ಚಳ ಮುಟ್ಟಿ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ನನ್ನ ಕಣ್ಣಾರೆ ಕಂಡೆ.

ಮನೆಯವಳು ರಂಜನಾ ಇದನ್ನು ಕೇಳಿ, "ಮುಚ್ಚಳ ಸಡಿಲ ಅದೇನೋ ಅಂತ ನೋಡಿರಬೇಕು. ಅಲ್ರಿ, ನೀವು ಎಲ್ಲಾದ್ರಾಗೂ ಕೇಸೇ ಹುಡುಕ್ತೀರಿ" ಎಂದಳು. ಇವಳಿಗೆ ಸಾಕ್ಷ್ಯ ಕಾಯ್ದೆ ಗೊತ್ತಿಲ್ಲ.

೨೯ ಮಾರ್ಚ್, ರವಿವಾರ

ಯುಗಾದಿ ಮುಗಿಯಿತು. ಎಂದಿನಂತೆ ಭೀಮಶ್ಯಾನಿಗೆ ಹೋಳಿಗೆ ಕಟ್ಟಿ ಕಟ್ಟೆಯ ಮೇಲೆ ಇಟ್ಟು ಕೊಟ್ಟೆವು, ಎಂದಿನಂತೆ ಕಣ್ಣಿಗೆ ಒತ್ತಿಕೊಂಡು ಒಯ್ದ. ಕದಿಯುವ ಕೈಗೆ ಹೋಳಿಗೆ ಕೊಟ್ಟೆನಲ್ಲ ಎಂದು ಹೊಟ್ಟೆ ಉರಿಯಿತು.

ಇವತ್ತು ಟಾಕಿ ತುಂಬಿಸಿ ತಂದ ಮೇಲೆ ಒಂದು ಉಪಾಯ ಮಾಡಿದೆ. ಕೋರ್ಟಿನಲ್ಲಿ ಜಪ್ತಿ ಮಾಲಿಗೆ ಅರಗು ಹಾಕಿ ಸೀಲು ಮಾಡುತ್ತಾರಲ್ಲ, ಹಾಗೆಯೇ ಟಾಕಿಯ ಮುಚ್ಚಳದ ಸುತ್ತ ದಾರ ಸುತ್ತಿ, ಕೆಂಪು ಅರಗು ಕರಗಿಸಿ ಹಾಕಿದೆ. ಒತ್ತುವುದಕ್ಕೆ ಮುದ್ರೆ ಬೇಕಲ್ಲ. ನಾಣ್ಯವಾದರೆ ಯಾರ ಹತ್ತಿರವೂ ಇರುತ್ತದೆ. ಅಪ್ಪನ ಕಾಲದ ಹಿತ್ತಾಳೆ ಶಂಖಮುದ್ರೆ ನೆನಪಾಯಿತು. ಗೋಪಿಚಂದನ ಹಚ್ಚಿ ನಾನು ದಿನಾ ಬೆಳಿಗ್ಗೆ ಮೈಗೆ ಒತ್ತಿಕೊಳ್ಳುವುದು. ಅದರ ಶಂಖಕ್ಕೆ ಒಂದು ಕಡೆ ಸ್ವಲ್ಪ ಸವೆದ ಗುರುತಿದೆ, ಜಗತ್ತಿನಲ್ಲಿ ಅಂಥದು ಇನ್ನೊಂದಿಲ್ಲ. ಚೆನ್ನಾಗಿ ಮೂಡಿತು.

ಅವ್ವ ನೋಡಿಬಿಟ್ಟಳು. "ಅಯ್ಯ ನನ ಶಿವನ! ದೇವರ ಮುದ್ರಿ ಡೀಸಲ್ ಟಾಕಿಗಿ ಒತ್ತಿದೇನೋ ವಿಠ್ಠಲಾ! ನಿಮ್ಮಪ್ಪ ಇದ್ದಿದ್ರ ಮನಿ ಬಿಟ್ಟು ಹೊರಗ ಹಾಕ್ತಿದ್ದ." ನಮ್ಮವ್ವ ಲಕ್ಷ್ಮೀಬಾಯಿಯವರ ಸಿಟ್ಟು ಈ ಓಣಿಗೆಲ್ಲ ಗೊತ್ತು, ಆದರೆ ಪಕ್ಕಾ ವೈಷ್ಣವಳ ಬಾಯಲ್ಲಿ ಶಿವನ ಹೆಸರು ಬಂತೆಂದರೆ ಎಷ್ಟು ಸಿಟ್ಟಾಗಿದ್ದಳೆಂದು ತಿಳಿಯಬಹುದು. ಮುದ್ರೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಪಂಚಗವ್ಯದಲ್ಲಿ ಅದ್ದಿ ಒಳಗಿಟ್ಟಿದ್ದಾಳೆ. ಡೀಸೆಲ್ಲಿನ ವಾಸನೆ ಇನ್ನೂ ಹೋಗಿಲ್ಲ.

೩ ಏಪ್ರಿಲ್, ಶುಕ್ರವಾರ

ಸಾಕ್ಷಿಗೆಂದು ನಡೆದದ್ದೆಲ್ಲ ಬರೆದಿಡುತ್ತೇನೆ.

ಬೆಳಿಗ್ಗೆ ನಾವು ಯಾವಾಗಲೂ ಡೀಸೆಲ್ ಹಾಕಿಸುವ ಮಶಾಕನ ಪಂಪಿಗೆ ಹೋದೆವು. ಐದು ದಿನ ಎಲ್ಲ ಕೋರ್ಟು ತಿರುಗಿ ಬಂದ ಗಾಡಿ. ಭೀಮಶ್ಯಾ ಮುಚ್ಚಳ ತೆಗೆಯಲು ಹೋದವನು ಸೀಲು ನೋಡಿ ನಿಂತ. ಇಷ್ಟು ದಿನ ಧೂಳಿನಲ್ಲಿ ಅವನ ಕಣ್ಣಿಗೆ ಬಿದ್ದಿರಲಿಲ್ಲವೆಂದು ಕಾಣುತ್ತದೆ. "ಇದೇನ್ರಿ ಸಾಹೇಬ್ರ?" ಎಂದ. ನಾನು ಇಳಿದು, ಎಲ್ಲರೆದುರು ಸೀಲು ಪರೀಕ್ಷಿಸಿದೆ. ಶಂಖ ಇದ್ದಂತೆಯೇ ಇತ್ತು. ಒಡೆದು ತುಂಬಿಸಿದೆ. ಭಾಗಿಸಿದೆ. ಒಂಬತ್ತು ಪಾಯಿಂಟ್ ಎಂಟು!

ನನ್ನ ತಲೆ ಕೆಟ್ಟುಹೋಯಿತು. ಮೇಲಿನಿಂದ ತೆಗೆದಿಲ್ಲವೆಂದರೆ ಕೆಳಗಿನ ಪೈಪಿನಿಂದ ತೆಗೆದಿರಬೇಕು. ಅಲ್ಲಿ ಮಶಾಕ ಇದ್ದ, ಐದಾರು ಲಾರಿಯವರಿದ್ದರು, ಬ್ಯಾಂಕಿನ ಇಬ್ಬರು ಸ್ಕೂಟರಿನವರಿದ್ದರು. ಅವರೆದುರೇ ಕೇಳಿದೆ, "ಕೆಳಗ ಪೈಪ್ ಬಿಚ್ಚಿ ತೆಗಿತೀಯೇನು? ಖರೆ ಹೇಳಿಬಿಡು ಭೀಮಶ್ಯಾ, ನಾ ಕೇಸ್ ಹಾಕಂಗಿಲ್ಲ."

ಅವನು ಕೂಗಾಡಬಹುದು, ಅಳಬಹುದು ಎಂದುಕೊಂಡಿದ್ದೆ. ಕಳ್ಳರು ಎರಡರಲ್ಲಿ ಒಂದು ಮಾಡುತ್ತಾರೆ. "ಒಂಬತ್ತು ವರ್ಷ ನನ್ನ ಕೈಯಾಗ ಜೀವಾ ಕೊಟ್ಟು ಹಿಂದಿನ ಸೀಟಿನ್ಯಾಗ ನಿದ್ದಿ ಹೊಡದೀರಿ ಸಾಹೇಬ್ರ" ಎಂದ. "ಡೀಸೆಲ್ ಕೊಡ್ಲಿಕ್ಕ ನಂಬಿಕಿ ಬರ್ಲಿಲ್ಲೇನ್ರಿ?" ಚಾವಿಯನ್ನು ಬಾನೆಟ್ ಮೇಲೆ ಇಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ನಡು ಪಂಪಿನಲ್ಲಿ ಗಾಡಿ ಬಿಟ್ಟು ಹೋಗುವುದೆಂದರೆ! ಹಿಂದೆ ಲಾರಿಯವರು ಹಾರ್ನ್ ಹೊಡೆಯುತ್ತಿದ್ದಾರೆ. ಸ್ಟಿಯರಿಂಗ್ ಹಿಡಿಯದೆ ನನಗೆ ಒಂಬತ್ತು ವರ್ಷವಾಗಿದೆ. ಒಂದನೇ ಗೇರಿನಲ್ಲೇ ಗುರ್ರ್ ಅನ್ನಿಸುತ್ತ ಮನೆತನಕ ತಂದೆ. ನಾನು ಕೇಳಿದ್ದರಲ್ಲಿ ತಪ್ಪೇನು? ಕೇಳುವ ಹಕ್ಕೂ ಇಲ್ಲವೇ ಮಾಲೀಕನಿಗೆ?

೪ ಏಪ್ರಿಲ್

ಬರಲಿಲ್ಲ. ಬರದಿದ್ದರೆ ಬಿಡಲಿ.

೧೪ ಏಪ್ರಿಲ್, ಮಂಗಳವಾರ

ರಜೆ. ಹತ್ತು ದಿನದಿಂದ ಕೋರ್ಟಿಗೆ ಬಸ್ಸಿನಲ್ಲಿ ಓಡಾಟ. ಪ್ರತಿ ವರ್ಷ ಇದೇ ದಿನ ಭೀಮಶ್ಯಾ ನೀಲಿ ಅಂಗಿ ಹಾಕಿಕೊಂಡು ಜಯಂತಿಯ ಮೆರವಣಿಗೆಗೆ ಹೋಗುವ ಮೊದಲು ಮನೆಯ ಮುಂದೆ ಬಂದು ಒಂದು ಡಬ್ಬಿ ಪೇಡೆ ಕೊಟ್ಟು ಹೋಗುತ್ತಿದ್ದ. ನಾವು ಅದನ್ನು ಕೆಲಸದವಳಿಗೆ ಕೊಡುತ್ತಿದ್ದೆವು. ಈ ವರ್ಷ ಇಲ್ಲ. ಅವ್ವ ಎರಡು ಸಲ ಹೊರಗೆ ಬಂದು ಗೇಟು ನೋಡಿದಳು. ಏನು ಬೇಕು ಎಂದು ಕೇಳಿದರೆ, "ಏನಿಲ್ಲೋ, ಗಾಳಿಗಿ ಬಂದೆ" ಎಂದಳು. ಎಲ್ಲಿಯ ಗಾಳಿ, ಒಂದು ಎಲೆಯೂ ಅಲುಗುತ್ತಿಲ್ಲ.

೧೦ ಮೇ, ರವಿವಾರ

ಗೆದ್ದೆ!

ಕೋರ್ಟಿಗೆ ಬೇಸಿಗೆ ರಜೆ. ಎರಡು ವಾರದಲ್ಲಿ ಡ್ರೈವಿಂಗ್ ಮತ್ತೆ ಕೈಗೆ ಹತ್ತಿತು. ಎಲ್ಲರನ್ನೂ ಕೂಡಿಸಿಕೊಂಡು ಸನ್ನತಿಗೆ ಹೋಗಿ ಚಂದ್ರಲಾಂಬೆಯ ದರ್ಶನ ಮಾಡಿ, ಭೀಮೆಯಲ್ಲಿ ಇದ್ದಷ್ಟು ನೀರಿನಲ್ಲಿ ಕಾಲು ತೋಯಿಸಿ ಬಂದೆವು. ಇನ್ನೊಂದು ದಿನ ಕುಂಚಾವರಂ ಕಾಡಿನ ದಾರಿ. ಎಲ್ಲ ಕೂಡಿ ಐನೂರು ಕಿಲೋಮೀಟರಿನ ಹತ್ತಿರ. ಇವತ್ತು ಟಾಕಿ ತುಂಬಿಸಿದರೆ, ಹದಿನೈದೂವರೆ! ಅದೇ ಗಾಡಿ, ಅದೇ ಎ.ಸಿ., ಅದೇ ಮಶಾಕನ ಪಂಪು. ಬದಲಾದದ್ದು ಡ್ರೈವರ್ ಒಬ್ಬನೇ. ಕಳ್ಳ ಹೋದ, ಆವರೇಜ್ ಬಂತು. ಇದಕ್ಕಿಂತ ಸಾಕ್ಷಿ ಯಾವ ಕೋರ್ಟಿಗೆ ಬೇಕು?

ಮಶಾಕನಿಗೆ ಲೆಕ್ಕ ತೋರಿಸಿದೆ. "ಹೌದಲ್ರಿ ವಕೀಲ್ ಸಾಬ್ರ, ಭೀಮಶ್ಯಾ ಹಂಗ ಕಾಣ್ತಿರ್ಲಿಲ್ಲ ನೋಡ್ರಿ" ಎಂದು ಬಾಯಿಗೆ ಬೆರಳಿಟ್ಟ. ಸಂಜೆ ಕ್ಲಬ್ಬಿನಲ್ಲಿ ನಾಲ್ಕು ಜನಕ್ಕೆ ಹೇಳಿದೆ. ಹೇಳಬೇಕಾದ್ದೇ, ನಾಳೆ ಇನ್ನೊಬ್ಬರ ಮನೆಗೆ ಸೇರಿ ಅವರ ಟಾಕಿಯೂ ಖಾಲಿ ಮಾಡಬಾರದು.

ರಂಜನಾ ಮಾತ್ರ ಮುಖ ಗಂಟಿಕ್ಕಿಕೊಂಡಿದ್ದಾಳೆ. ಲೆಕ್ಕ ಮುಂದಿಟ್ಟರೂ ನಂಬುವುದಿಲ್ಲವೆಂದರೆ ಏನು ಮಾಡಲಿ?

೧೯ ಮೇ, ಮಂಗಳವಾರ

ವಾಡಿಯಿಂದ ಅಬ್ದುಲ್ ಮಜೀದ ಫೋನ್ ಮಾಡಿದ್ದರು. ಕಾರ್ಖಾನೆಯ ಕೆಲಸಗಾರರನ್ನು ಒಯ್ಯುವ ಬಸ್ಸುಗಳ ಗುತ್ತಿಗೆ ಅವರದು. ಭೀಮಶ್ಯಾ ಕೆಲಸ ಕೇಳಿಕೊಂಡು ಹೋಗಿದ್ದಾನೆ. "ಒಂಬತ್ತು ವರ್ಷ ವಕೀಲ್ ಸಾಬ್ ಕಡೆ ಇದ್ದೆ ಅಂತಾನ. ಆದ್ಮಿ ಹೆಂಗರಿ?"

ಖರೆ ಹೇಳಿದೆ. ಓಡಿಸುವುದರಲ್ಲಿ ಒಂದು ಮಾತಿಲ್ಲ, ಕೈ ಸ್ವಚ್ಛ ಇಲ್ಲ. ಅಂಕಿಗಳನ್ನೂ ಓದಿ ಹೇಳಿದೆ. "ಅಚ್ಛಾ, ಸಮಝ್ ಗಯಾ" ಎಂದು ಫೋನ್ ಇಟ್ಟರು.

ಕೇಳಿದವರಿಗೆ ನಿಜ ಹೇಳುವುದು ಧರ್ಮ. ಯಾಕೋ ಮಧ್ಯಾಹ್ನ ಊಟ ರುಚಿಸಲಿಲ್ಲ, ಬಿಸಿಲಿನ ಧಗೆ ಇರಬೇಕು.

೪ ಜೂನ್, ಗುರುವಾರ

ನನಗೆ ನೋಟೀಸು! ನನಗೆ! ಮೂರು ತಾಲ್ಲೂಕಿಗೆ ನೋಟೀಸು ಹಂಚುವವನಿಗೆ ಪೋಸ್ಟಿನವನು ಮನೆ ಬಾಗಿಲಿಗೆ ಬಂದು ಸಹಿ ಹಾಕಿಸಿಕೊಂಡು ನೋಟೀಸು ಕೊಟ್ಟು ಹೋದ!

ಕಳುಹಿಸಿದವನು ಚಿತ್ತಾಪುರದ ಸುರೇಶಕುಮಾರ. ಹೋದ ವರ್ಷ ಸನ್ನದು ತೆಗೆದುಕೊಂಡ ವಕೀಲ, ಕೋಟಿನ ಇಸ್ತ್ರಿ ಇನ್ನೂ ಮುರಿದಿಲ್ಲ. ಕಕ್ಷಿದಾರ, ಕುರಕುಂಟಾದ ಭೀಮಶ್ಯಾ. ನಾಲ್ಕು ಕಂಡಿಕೆ. ಒಂದು, ಒಂಬತ್ತು ವರ್ಷ ಪ್ರಾಮಾಣಿಕವಾಗಿ ಡ್ರೈವರ್ ಕೆಲಸ ಮಾಡಿದ್ದು. ಎರಡು, ನಾನು ಸೀಲು ಹಾಕಿ, ಅದು ಮುರಿದಿಲ್ಲವೆಂದು ಕಣ್ಣಾರೆ ಕಂಡ ಮೇಲೂ ಪಂಪಿನಲ್ಲಿ ಹತ್ತು ಜನರ ಎದುರು ಕಳ್ಳನೆಂದದ್ದು. ಮೂರು, ವಾಡಿಯಲ್ಲಿ ಖಾಯಂ ಆಗಬೇಕಿದ್ದ ಕೆಲಸ ನನ್ನ ಮಾತಿನಿಂದ ತಪ್ಪಿದ್ದು. ನಾಲ್ಕು, ಅವನ ಮಗಳು ಲುಂಬಿನಿಯನ್ನು ಕಾಲೇಜಿನಲ್ಲಿ ಡೀಸೆಲ್ ಎಂದು ಕರೆಯುತ್ತಿರುವುದು, ಆ ಹುಡುಗಿ ಹತ್ತು ದಿನದಿಂದ ಕಾಲೇಜಿಗೆ ಹೋಗದಿರುವುದು.

ಪರಿಹಾರವೆಂದು ಒಂದು ಪೈಸೆ ಕೇಳಿಲ್ಲ. ಎಲ್ಲಿ ಹೇಳಿದೆನೋ ಅಲ್ಲೇ, ಅದೇ ಪಂಪಿನಲ್ಲಿ, ಆ ಮಾತು ಸುಳ್ಳೆಂದು ಬಾಯಿಬಿಟ್ಟು ಹೇಳಬೇಕಂತೆ. ಹಣ ಕೇಳದ ನೋಟೀಸನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ನೋಡಿಲ್ಲ. ಕಾನೂನು ಗೊತ್ತಿಲ್ಲದವರು ಬರೆದದ್ದು.

ಕರಡು ಮಾತ್ರ ಚೆನ್ನಾಗಿದೆ. ಒಂದು ಪದ ಹೆಚ್ಚಿಲ್ಲ.

೫ ಜೂನ್, ಶುಕ್ರವಾರ

ಉತ್ತರ ಬರೆದೆ. ನೋಟೀಸಿಗೆ ಉತ್ತರ ಬರೆಯುವ ಕ್ರಮ ಎಲ್ಲ ವಕೀಲರಿಗೂ ಒಂದೇ: ಎಲ್ಲವನ್ನೂ ಅಲ್ಲಗಳೆಯಬೇಕು. ಒಪ್ಪಿಕೊಂಡ ಒಂದು ಅಕ್ಷರವೂ ನಾಳೆ ಕೊರಳಿಗೆ ಸುತ್ತಿಕೊಳ್ಳುತ್ತದೆ. ಕಂಡಿಕೆ ಒಂದು ಸುಳ್ಳು, ಅದನ್ನು ಕಕ್ಷಿದಾರ ಕಟ್ಟುನಿಟ್ಟಾಗಿ ಸಾಬೀತುಪಡಿಸಬೇಕು. ಕಂಡಿಕೆ ಎರಡು ಸುಳ್ಳು. ಹೀಗೇ ನಾಲ್ಕರವರೆಗೆ.

ಪ್ರಮಿತಾ ಟೈಪ್ ಮಾಡುವಾಗ ರಂಜನಾ ಹಿಂದೆ ನಿಂತು ಓದಿದಳು. "ಕಂಡಿಕೆ ಒಂದು ಸುಳ್ಳಂತ ಬರದೀರಿ. ಅಂವಾ ಒಂಬತ್ತು ವರ್ಷ ನಮ್ಮ ಡ್ರೈವರ್ ಇದ್ದಿದ್ದೂ ಸುಳ್ಳೇನ್ರಿ?"

"ಅದು ಕಾನೂನಿನ ಭಾಷಾ. ನಿನಗ ತಿಳಿಯಂಗಿಲ್ಲ."

"ನನ್ನ ಬಾಣಂತನಕ್ಕ... ಹೋಗ್ಲಿ ಬಿಡ್ರಿ" ಎಂದು ಒಳಗೆ ಹೋದಳು. ಏಳು ವರ್ಷದ ಹಿಂದೆ ಎರಡನೆಯ ಹೆರಿಗೆಯಲ್ಲಿ, ಶಹಾಬಾದಿನ ರೈಲ್ವೆ ಗೇಟು ಬಿದ್ದಾಗ, ಭೀಮಶ್ಯಾ ಕಲ್ಲುಗಣಿಯ ಹಾದಿ ಹಿಡಿದು ಗುಲಬರ್ಗಾ ಮುಟ್ಟಿಸಿದ್ದ. ಮಗು ಉಳಿಯಲಿಲ್ಲ, ರಂಜನಾ ಉಳಿದಳು. ಆದರೆ ಅದು ಬೇರೆ ವಿಷಯ. ಡೀಸೆಲ್ ವಿಷಯ ಬೇರೆ.

ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ.

೧೨ ಜೂನ್, ಶುಕ್ರವಾರ

ಇದನ್ನು ಯಾರಿಗೂ ಹೇಳಿಲ್ಲ.

ಕೋರ್ಟು ಶುರುವಾಗಿ ಎರಡು ವಾರ. ಹೊಸ ಡ್ರೈವರ್ ಇಟ್ಟುಕೊಂಡಿಲ್ಲ. ನಾನೇ ಓಡಿಸುತ್ತೇನೆ, ನಾನೇ ಬೀಗ ಹಾಕುತ್ತೇನೆ, ಚಾವಿ ನನ್ನ ಜನಿವಾರಕ್ಕೆ ಕಟ್ಟಿಕೊಂಡಂತೆ ಇಟ್ಟುಕೊಂಡಿದ್ದೇನೆ. ಇವತ್ತು ತುಂಬಿಸಿದೆ. ಒಂಬತ್ತು ಪಾಯಿಂಟ್ ಏಳು.

ಮೂರು ಸಲ ಭಾಗಿಸಿದೆ. ಪ್ರಮಿತಾಳಿಗೆ ಕೊಡಲಿಲ್ಲ.

೧೬ ಜೂನ್, ಮಂಗಳವಾರ

ಶಹಾಬಾದಿಗೆ ಹೋಗಿ ಅಮೀರ್ ಅಲಿಯ ಗ್ಯಾರೇಜಿನಲ್ಲಿ ನಿಂತೆ. ಜೀಪಿನ ಕಾಲದಿಂದ ಗೊತ್ತಿರುವ ಮಿಸ್ತ್ರಿ. ಕಂಪನಿಗೆ, ಅದರ ಪುಸ್ತಕಕ್ಕೆ, ಟೈ ಕಟ್ಟಿದವನಿಗೆ, ಎಲ್ಲರಿಗೂ ಬೈದು ಮುಗಿಸುವವರೆಗೆ ಅವನು ಸುಮ್ಮನೆ ಕೈ ಒರೆಸಿಕೊಳ್ಳುತ್ತಿದ್ದ. ಆಮೇಲೆ, "ದಿನಾ ಏನೇನ್ ಮಾಡ್ತೀರಿ, ಮುಂಜಾನಿಂದ ಹೇಳ್ರಿ" ಎಂದ. ಹೇಳಿದೆ. ಚೇಂಬರಿನ ಮಾತು ಬಂದಾಗ ತಲೆ ಎತ್ತಿದ.

"ಎಷ್ಟ್ ತಾಸು ಕುಂದರ್ತೀರಿ?"

"ಮೂರು. ಒಂದೊಂದ್ ದಿನ ನಾಲ್ಕು."

"ಎ.ಸಿ. ಚಾಲೂ?"

"ಮತ್ತ! ಸುಡು ಬಿಸಿಲಾಗ ಸಾಯ್ಲೇನು?"

ಪಕ್ಕದ ಪಂಪಿಗೆ ಕರೆದೊಯ್ದು ಬಾಯಿಮಟ್ಟ ತುಂಬಿಸಿದ. ಗಾಡಿಯನ್ನು ಒಂದು ಬದಿಗೆ ನಿಲ್ಲಿಸಿ ಎ.ಸಿ. ಹಾಕಿದ. ನನಗೆ ಚಹಾ ತರಿಸಿದ. ಒಂದು ತಾಸು ಗಾಡಿ ಗೇಣೂ ಕದಲಲಿಲ್ಲ. ಮತ್ತೆ ತುಂಬಿಸಿದಾಗ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚೇ ಹಿಡಿಯಿತು.

"ನೋಡ್ರಿ ವಕೀಲ್ ಸಾಬ್, ಕಿಲೋಮೀಟರಿನ ಮೀಟರ್ ನಿಂತಿತ್ತು, ಇಂಜಿನ್ ನಿಂತಿರ್ಲಿಲ್ಲ. ಮೂರು ತಾಸಿಗಿ ಮೂರು ಲೀಟರ್ ಮ್ಯಾಲ ಸುಡ್ತೀರಿ, ಆಮ್ಯಾಲ ಎಪ್ಪತ್ತು ಕಿಲೋಮೀಟರ್ ಓಡಿಸಿ ಆವರೇಜ್ ಇಲ್ಲ ಅಂತೀರಿ. ಗಾಡಿ ಬಿಚಾರಿ ಏನ್ ಮಾಡ್ತದ? ನಿಮ್ಮ ಭೀಮಶ್ಯಾಗ ಕೇಳಿದ್ರ ಅಂವಾನೇ ಹೇಳ್ತಿದ್ದನಲ್ರಿ."

ಹೇಳಿದ್ದ. ಕಿಟಕಿ ತಟ್ಟಿ ಹೇಳಿದ್ದ, ಒಂದಲ್ಲ, ಎಷ್ಟೋ ಸಲ. ರಜೆಯಲ್ಲಿ ಗಾಡಿ ಎಲ್ಲೂ ನಿಲ್ಲದೆ ಓಡಿತು, ಹದಿನೈದೂವರೆ ಕೊಟ್ಟಿತು. ನಾನು ಅದನ್ನೇ ಹಿಡಿದುಕೊಂಡು ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡೆ.

೧೭ ಜೂನ್

ಕಂಪನಿಯ ಪುಸ್ತಕ ಪೂರ್ತಿ ಓದಿದೆ. ನಲವತ್ತೊಂದನೇ ಪುಟದಲ್ಲಿ ಇದೆ: ನಿಂತಾಗ ಇಂಜಿನ್ ಆರಿಸಿ. ಇರುವೆಯಂಥ ಅಕ್ಷರ. ಹದಿನೇಳನ್ನು ಅಷ್ಟು ದಪ್ಪಗೆ ಅಚ್ಚು ಹಾಕುವವರಿಗೆ ಇದನ್ನು ದಪ್ಪಗೆ ಹಾಕಲು ಏನು ರೋಗ? ನಾಚಿಕೆಗೆಟ್ಟವರು.

ಸಿಟ್ಟು ಕಂಪನಿಯ ಮೇಲೆ ನಿಲ್ಲುತ್ತಿಲ್ಲ. ಮತ್ತೆ ಮತ್ತೆ ನನ್ನ ಮೇಲೇ ಬರುತ್ತಿದೆ.

೨೧ ಜೂನ್, ರವಿವಾರ

ಮೊದಲು ವಾಡಿಗೆ. ಅಬ್ದುಲ್ ಮಜೀದರ ಎದುರು ಕೂತು ನಡೆದದ್ದೆಲ್ಲ ಹೇಳಿದೆ, ಭೀಮಶ್ಯಾನನ್ನು ತೆಗೆದುಕೊಳ್ಳಿ ಎಂದೆ. "ನಿಮ್ಮ ಮಾತ ಕೇಳಿ ಬ್ಯಾರೆಯವರ್ನ ಇಟ್ಕೊಂಡೀನ್ರಿ. ಬಂದೇನವಾಜ್ ಅಂತ, ನಾಕು ಮಕ್ಕಳವ್ರು. ಈಗ ನಿಮ್ಮ ಮಾತ ಕೇಳಿ ಅವ್ರನ್ನ ಬಿಡಿಸ್ಲ್ಯಾ?" ಎಂದರು. ಎದ್ದು ಬಂದೆ.

ಅಲ್ಲಿಂದ ಕುರಕುಂಟಾಕ್ಕೆ. ಒಂಬತ್ತು ವರ್ಷದಲ್ಲಿ ಆ ಮನೆ ನೋಡಿದ್ದು ಇದೇ ಮೊದಲು. ಭೀಮಶ್ಯಾ ಇರಲಿಲ್ಲ, ಯಾರದೋ ಟ್ರ್ಯಾಕ್ಟರ್ ಓಡಿಸಲು ಹೋಗಿದ್ದರಂತೆ. ಅವರ ಹೆಂಡತಿ ಲಾಲಮ್ಮ "ಬರ್ರಿ, ಕುಂದ್ರಿ" ಎಂದು ಚಾಪೆ ಹಾಸಿದರು. ಲುಂಬಿನಿ ಒಳಗೆ ಪುಸ್ತಕ ಹಿಡಿದು ಕೂತಿದ್ದವಳು ನನ್ನನ್ನು ನೋಡಿ ಬಾಗಿಲು ಹಾಕಿಕೊಂಡಳು. ಬಿಸಿಲಿಗೆ ಗಂಟಲು ಒಣಗಿತ್ತು, ಲಾಲಮ್ಮ ಕೊಟ್ಟ ತಂಬಿಗೆ ನೀರು ಅಷ್ಟೂ ಕುಡಿದು, ತಪ್ಪಾಯಿತೆಂದು ಹೇಳಲು ಬಂದಿದ್ದೇನೆ ಎಂದೆ.

"ಇಲ್ಲಿ ಹೇಳಿ ಏನ್ ಮಾಡ್ತೀರಿ ಸಾಹೇಬ್ರ?" ಎಂದರು. "ನಮ್ಮ ಮನ್ಯಾಗ ಯಾರೂ ಅವ್ರಿಗಿ ಕಳ್ಳ ಅಂದಿಲ್ಲ. ಪಂಪಿನ್ಯಾಗ ಹೇಳ್ರಿ."

ಸಿಟ್ಟು ಬಂತು. ಇಷ್ಟು ದೂರ ಬಂದವನಿಗೆ ಇದೇ ಮಾತೇ? ಗಾಡಿಯಲ್ಲಿ ಕೂತು ಯೋಚಿಸಿದರೆ ಆ ಹೆಣ್ಣುಮಗಳ ಮಾತಿನಲ್ಲಿ ಅಡ್ಡ ಸವಾಲು ಹಾಕುವಂಥದ್ದು ಏನೂ ಸಿಗಲಿಲ್ಲ.

೨೬ ಜೂನ್, ಶುಕ್ರವಾರ

ಹತ್ತು ಗಂಟೆಗೆ ಮಶಾಕನ ಪಂಪು. ಸುರೇಶಕುಮಾರರಿಗೆ ಫೋನ್ ಮಾಡಿ ಬರಹೇಳಿದ್ದೆ. ಅವರ ಬೈಕಿನ ಹಿಂದೆ ಭೀಮಶ್ಯಾ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಲಾರಿಯವರು, ಶಾಲೆಯ ವ್ಯಾನಿನವರು, ಅಂದಿನ ಬ್ಯಾಂಕಿನವರಲ್ಲಿ ಒಬ್ಬರು, ಎಲ್ಲರನ್ನೂ ಮಶಾಕ ಕೂಗಿ ಕರೆದ.

ಸಾವಿರ ಸಲ ಕೋರ್ಟಿನಲ್ಲಿ ಎದ್ದು ನಿಂತವನು ಇಲ್ಲೂ ಕೋರ್ಟಿನ ಭಾಷೆಯನ್ನೇ ಹಿಡಿದೆ. "ಸಂದರ್ಭದ ತಪ್ಪು ತಿಳಿವಳಿಕೆಯಿಂದಾಗಿ, ಕೆಲವು ಅಂಕಿ ಅಂಶಗಳ ಆಧಾರದ ಮ್ಯಾಲ..." ಎಂದು ಶುರು ಮಾಡಿದೆ.

"ಸರ್, ಸೀದಾ ಹೇಳ್ರಿ" ಎಂದರು ಸುರೇಶಕುಮಾರ.

ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಕೋಟು ಹಾಕಿದವರು ನನಗೆ ಕಲಿಸುತ್ತಾರೆ! ಆದರೂ ಸೀದಾ ಹೇಳಿದೆ. "ಭೀಮಶ್ಯಾ ಡೀಸೆಲ್ ಕದ್ದಿಲ್ಲ. ಒಂದು ಹನಿನೂ ಕದ್ದಿಲ್ಲ. ಗಾಡಿ ನಿಲ್ಲಿಸಿ ತಂಪಿನಾಗ ಕುಂತು ನಾನೇ ಸುಟ್ಟೀನಿ. ಬಂದ್ ಮಾಡ್ರಿ ಅಂತ ಅವ್ರು ಹೇಳಿದ್ರು, ನಾ ಕೇಳ್ಲಿಲ್ಲ. ಇಲ್ಲಿ ನಿಂತು ಅವ್ರಿಗಿ ಕಳ್ಳ ಅಂದಿದ್ದು ಸುಳ್ಳು. ಮಜೀದ ಸಾಹೇಬ್ರಿಗಿ ಹೇಳಿದ್ದೂ ಸುಳ್ಳು. ನೋಟೀಸಿಗಿ ಬರದ ಉತ್ತರನೂ ಸುಳ್ಳು."

ಒಬ್ಬ ಲಾರಿಯವನು ಕಿಸಕ್ಕನೆ ನಕ್ಕ. "ವಕೀಲ್ರ ಎ.ಸಿ.ನೇ ಕಳ್ಳ ಅಂತ ಹೇಳ್ರಿ!" ಉಳಿದವರೂ ನಕ್ಕರು. ಸಂಜೆಯೊಳಗೆ ಈ ಮಾತು ಮೂರೂ ಕೋರ್ಟು ಮುಟ್ಟುತ್ತದೆ. ಭೀಮಶ್ಯಾ ನಗಲಿಲ್ಲ. ಕೇಳಿ ಮುಗಿದ ಮೇಲೆ ಮಶಾಕನ ಕಡೆ ತಿರುಗಿ, "ಕೇಳ್ದಿಯಲ್ಲ?" ಎಂದರು. ಮಶಾಕ ತಲೆ ತಗ್ಗಿಸಿ ಹೂಂ ಅಂದ.

ನಾನು ಅವರನ್ನು ಬದಿಗೆ ಕರೆದು, "ಸೋಮವಾರದಿಂದ ಬರ್ರಿ. ನಿಮ್ಮಂಥ ಡ್ರೈವರ್ ನನಗ ಸಿಗಂಗಿಲ್ಲ" ಎಂದೆ. ಮನಸ್ಸಿನಿಂದ ಹೇಳಿದ ಮಾತು.

"ಇಲ್ರಿ ಸಾಹೇಬ್ರ. ಟ್ರ್ಯಾಕ್ಟರೇ ಛಲೋ ಅದ."

"ಯಾಕ? ಎಲ್ಲಾರ ಮುಂದ ಹೇಳಿದೆನಲ್ಲ?"

"ಹೇಳಿದ್ರಿ. ನನ್ನ ಮಗಳು ನಾಳಿಂದ ಕಾಲೇಜಿಗಿ ಹೋಗ್ತಾಳ, ಅಷ್ಟು ಸಾಕ್ರಿ." ನನ್ನ ಗಾಡಿಯ ಕಡೆ ನೋಡಿದರು. "ಮುಂದ ಯಾವಾಗರ ಮತ್ತ ಆವರೇಜ್ ಬರ್ಲಿಲ್ಲಂದ್ರ, ನೀವು ಮೊದಲ ನನ್ನ ಮಾರಿನೇ ನೋಡ್ತೀರಿ."

ಇಲ್ಲ, ನೋಡುವುದಿಲ್ಲ ಎಂದೆ. ಅವರು ನಂಬಲಿಲ್ಲ. ನಾನೂ ಪೂರ್ತಿ ನಂಬಲಿಲ್ಲ.